ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಟ್ರೇಲರ್ ಮನೆಗೆ ಕರೆಂಟು: ಲೆಕ್ಕದಿಂದ ಮೊದಲ ಪ್ರಯಾಣದವರೆಗೆ

"ರಿಟೈರ್ ಆದ ಮೇಲೆ ಒಂದು ಟ್ರೇಲರ್ ತಗೊಂಡು ಇಬ್ಬರೂ ಊರೂರು ಸುತ್ತಬೇಕು ಅಂತಿದ್ದೀವಿ. ಎಷ್ಟು ದೊಡ್ಡ ಬ್ಯಾಟರಿ ಹಾಕಿಸಬೇಕು?" ಮೈಸೂರು, ಮಂಡ್ಯ ಕಡೆಯ ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಟ್ರೇಲರ್ ಮನೆ ಅಂದರೆ ಕಾರಿನ ಹಿಂದೆ ಕೊಕ್ಕೆಗೆ ಸಿಕ್ಕಿಸಿ ಎಳೆಯುವ ಪುಟ್ಟ ಮನೆ. ಒಳಗೆ ಹಾಸಿಗೆ, ಒಲೆ, ಫ್ರಿಜ್ ಇರುತ್ತವೆ. ಇಂಜಿನ್ ಇರುವುದಿಲ್ಲ. ಹಾಗಾಗಿ ಬೇಕಾದ ಕರೆಂಟನ್ನು ಅದು ಬ್ಯಾಟರಿಯಲ್ಲಿ ಕೂಡಿಟ್ಟುಕೊಳ್ಳಬೇಕು.

ಬ್ಯಾಟರಿಯ ಪ್ರಶ್ನೆಗೆ ನನ್ನ ಉತ್ತರ ಒಂದೇ. ಮೊದಲು ಲೆಕ್ಕ, ಆಮೇಲೆ ಸಾಮಾನು. ಮತ್ತೆ ಈ ಲೆಕ್ಕವನ್ನು ಕೆಲಸದಲ್ಲಿ ಇರುವಾಗಲೇ ಕಲಿತುಬಿಡಿ. ಸಂಬಳ ಬರುತ್ತಿರುವಾಗ ಒಂದು ಸಾಮಾನು ತಪ್ಪಾಗಿ ತಂದರೂ ತಡೆದುಕೊಳ್ಳಬಹುದು. ಪಿಎಫ್, ಗ್ರಾಚುಟಿ ಕೈಗೆ ಬಂದ ತಿಂಗಳಲ್ಲಿ ಅಂಗಡಿಗೆ ಹೋದರೆ ಅಲ್ಲಿ ತೋರಿಸಿದ್ದೆಲ್ಲ ಬೇಕು ಅನ್ನಿಸುತ್ತದೆ. ಬಗ್ಗಿ, ಮಲಗಿ ವೈರ್ ಎಳೆಯುವ ಕೆಲಸವೂ 58ರಲ್ಲಿ ಆಗುವಷ್ಟು ಸುಲಭವಾಗಿ 65ರಲ್ಲಿ ಆಗುವುದಿಲ್ಲ.

ಮೊದಲು ನಾಲ್ಕು ಪದ

ನಮ್ಮ ಕಡೆ ಬೆಳಿಗ್ಗೆ ಪೇಪರ್ ತೆಗೆದರೆ ಕೆಆರ್‌ಎಸ್ ನೀರಿನ ಮಟ್ಟ ನೋಡದವರು ಕಡಿಮೆ. ಆ ಪಟ್ಟಿ ಓದಲು ಬಂದರೆ ಬ್ಯಾಟರಿಯೂ ಅರ್ಥವಾಗುತ್ತದೆ.

ವೋಲ್ಟ್ ಅಂದರೆ ಅಣೆಕಟ್ಟೆಯಲ್ಲಿ ನೀರಿನ ಎತ್ತರ. ಕೆಆರ್‌ಎಸ್‌ಗೆ 124.80 ಅಡಿ ಇದ್ದ ಹಾಗೆ ನಮ್ಮ ಬ್ಯಾಟರಿಗೆ 12 ವೋಲ್ಟ್. ಆಂಪ್ ಅಂದರೆ ಹರಿವು, ಅಂದರೆ ಕ್ಯುಸೆಕ್. ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ವಾಟ್. ಅದು ಆ ಗಳಿಗೆಯಲ್ಲಿ ಎಷ್ಟು ಕೆಲಸ ನಡೆಯುತ್ತಿದೆ ಅನ್ನುವುದನ್ನು ಹೇಳುತ್ತದೆ. ವಾಟನ್ನು ಗಂಟೆಯಿಂದ ಗುಣಿಸಿದರೆ ವಾಟ್-ಅವರ್. ಇದು ಟಿಎಂಸಿ ಇದ್ದ ಹಾಗೆ, ಒಟ್ಟು ಸಂಗ್ರಹ ಎಷ್ಟು ಅನ್ನುವ ಲೆಕ್ಕ. ಮನೆಯ ಕರೆಂಟ್ ಬಿಲ್‌ನಲ್ಲಿ 1 ಯೂನಿಟ್ ಅಂದರೆ 1000 ವಾಟ್-ಅವರ್.

ಇಷ್ಟು ಸಾಕು. ಮುಂದೆ ಬರುವುದೆಲ್ಲ ಒಳಹರಿವು, ಹೊರಹರಿವು, ಸಂಗ್ರಹ.

ಹಂತ 1: ಆರ್‌ಟಿಓ ಮತ್ತು ಕಾರಿನ ಕೈಪಿಡಿ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ಅದಕ್ಕೂ ನೋಂದಣಿ ಬೇಕು. ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿಸಿ ಆಮೇಲೆ ನಂಬರ್ ಕೇಳಲು ಹೋಗಬೇಡಿ. ಮೊದಲು ನಿಮ್ಮ ಆರ್‌ಟಿಓ ಕಚೇರಿಗೆ ಹೋಗಿ. ಮೈಸೂರು ಪಶ್ಚಿಮದವರಿಗೆ ಕೆಎ-09, ಪೂರ್ವದವರಿಗೆ ಕೆಎ-55, ಮಂಡ್ಯದವರಿಗೆ ಕೆಎ-11. ನೀವು ಕೊಳ್ಳಬೇಕೆಂದಿರುವ ಮಾದರಿಗೆ ಅನುಮೋದನೆ ಇದೆಯಾ, ನಿಮ್ಮ ಲೈಸೆನ್ಸ್ ಸಾಕಾ, ಕಾರಿಗೆ ಕೊಕ್ಕೆ ಹಾಕಿಸಬಹುದಾ, ಈ ಮೂರನ್ನು ಕೇಳಿಕೊಂಡು ಬನ್ನಿ. ಇನ್ಶೂರೆನ್ಸ್ ಕಂಪನಿಗೂ ತಿಳಿಸಿ.

ಕಾರಿನ ಕೈಪಿಡಿಯಲ್ಲಿ ಎಷ್ಟು ಕಿಲೋ ಎಳೆಯಬಹುದು ಅಂತ ಬರೆದಿರುತ್ತದೆ. ಬರೆದಿಲ್ಲದಿದ್ದರೆ ಕಂಪನಿಯಿಂದ ಬರವಣಿಗೆಯಲ್ಲೇ ಉತ್ತರ ತರಿಸಿಕೊಳ್ಳಿ. ಷೋರೂಮ್‌ನಲ್ಲಿ "ಎಳೆಯುತ್ತೆ ಸಾರ್, ಏನೂ ಆಗಲ್ಲ" ಅನ್ನುವ ಬಾಯಿಮಾತು ಘಾಟಿಯಲ್ಲಿ ಬ್ರೇಕ್ ಹಿಡಿಯುವಾಗ ಕೆಲಸಕ್ಕೆ ಬರುವುದಿಲ್ಲ.

ಹಂತ 2: ಒಂದು ದಿನದ ಹೊರಹರಿವು

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಟ್ರೇಲರ್ ಇನ್ನೂ ಬರದಿದ್ದರೂ ಇವತ್ತೇ ಶುರು ಮಾಡಬಹುದು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ನೀವಿಬ್ಬರು ಒಂದು ದಿನದಲ್ಲಿ ಏನೇನು, ಎಷ್ಟು ಹೊತ್ತು ಹಾಕುತ್ತೀರಿ ಅಂತ ಬರೆಯಿರಿ. ಸಾಧಾರಣವಾಗಿ ಇಬ್ಬರ ಲೆಕ್ಕ ಹೀಗೆ ಬರುತ್ತದೆ:

- ಎಲ್‌ಇಡಿ ದೀಪ ನಾಲ್ಕು, ತಲಾ 5 ವಾಟ್, 4 ಗಂಟೆ: 80 ವಾಟ್-ಅವರ್
- ಫ್ಯಾನ್, 30 ವಾಟ್, 8 ಗಂಟೆ: 240
- 12 ವೋಲ್ಟಿನ ಸಣ್ಣ ಕಂಪ್ರೆಸರ್ ಫ್ರಿಜ್, ಇಡೀ ದಿನ: ಸುಮಾರು 500
- ನೀರಿನ ಪಂಪು, 60 ವಾಟ್, ಕಾಲು ಗಂಟೆ: 15
- ಎರಡು ಮೊಬೈಲ್: 30
- ಸಣ್ಣ ಟಿವಿ, 30 ವಾಟ್, 2 ಗಂಟೆ: 60
- ಮಿಕ್ಸಿ, 500 ವಾಟ್, 6 ನಿಮಿಷ: 50

ಒಟ್ಟು 975. ವೈರ್‌ನಲ್ಲಿ, ಬ್ಯಾಟರಿಯ 12 ವೋಲ್ಟನ್ನು ಮನೆಯ 230 ವೋಲ್ಟ್ ಮಾಡುವ ಇನ್ವರ್ಟರ್‌ನಲ್ಲಿ ಸೋರಿಹೋಗುವುದಕ್ಕೆ ಇನ್ನೂ ನೂರಕ್ಕೆ 20 ಸೇರಿಸಿ. ದಿನಕ್ಕೆ ಹತ್ತಿರ ಹತ್ತಿರ 1200 ವಾಟ್-ಅವರ್.

ಈ ಪಟ್ಟಿಯಲ್ಲಿ ಒಂದು ವಿಷಯ ಗಮನಿಸಿ. ಎಲ್ಲರೂ ಮಿಕ್ಸಿಗೆ ಹೆದರುತ್ತಾರೆ, ಆದರೆ ಅದು ತಿನ್ನುವುದು 50 ಮಾತ್ರ. ಸದ್ದಿಲ್ಲದೆ 500 ತಿನ್ನುವುದು ಫ್ರಿಜ್. ಯಾವುದು ಎಷ್ಟು ಜೋರಾಗಿ ಎಳೆಯುತ್ತದೆ ಅನ್ನುವುದರ ಜೊತೆಗೆ ಎಷ್ಟು ಹೊತ್ತು ಎಳೆಯುತ್ತದೆ ಅನ್ನುವುದನ್ನೂ ನೋಡಬೇಕು.

ನಿಮ್ಮ ವಯಸ್ಸಿಗೆ ತಕ್ಕ ಹಾಗೆ ಇನ್ನೆರಡು ಸೇರಿಸಿಕೊಳ್ಳಿ. ಗೊರಕೆ, ಉಸಿರಾಟದ ತೊಂದರೆಗೆ ರಾತ್ರಿ ಸಿಪ್ಯಾಪ್ ಯಂತ್ರ ಹಾಕಿಕೊಳ್ಳುವವರು 250ರಿಂದ 300 ಹೆಚ್ಚಿಗೆ ಹಿಡಿಯಬೇಕು. ಇನ್ಸುಲಿನ್ ಇಡುವವರಿಗೆ ಫ್ರಿಜ್ ಶೋಕಿಯ ಸಾಮಾನಲ್ಲ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಹೊರಹರಿವು ಕಡಿಮೆ ಮಾಡಬೇಕಾಗಿ ಬಂದರೆ ಟಿವಿ ಬಿಡಿ, ಫ್ರಿಜ್ ಬಿಡಬೇಡಿ.

ಬ್ಯಾಟರಿಯಿಂದ ಓಡಿಸಬಾರದ್ದನ್ನೂ ಈಗಲೇ ಹೇಳಿಬಿಡುತ್ತೇನೆ. ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ, ಎಸಿ. ಇವುಗಳನ್ನು ಹೊರಗಿನ ಪ್ಲಗ್ ಸಿಕ್ಕಿದಾಗ ಮಾತ್ರ ಹಾಕಿ. ಇನ್ವರ್ಟರ್ ಎಸಿ ಒಂದೇ ರಾತ್ರಿಗೆ 5000 ವಾಟ್-ಅವರ್ ಕುಡಿಯಬಲ್ಲದು. ಅದು ನಾಲ್ಕು ದಿನದ ಸಂಸಾರ.

ಹಂತ 3: ಬ್ಯಾಟರಿ

ಎರಡು ಬಗೆ ಇದೆ. ಒಂದು, ಮನೆ ಯುಪಿಎಸ್‌ಗೆ ಹಾಕುವ ಟ್ಯೂಬುಲರ್ ಲೆಡ್-ಆಸಿಡ್. ಇನ್ನೊಂದು, ಲಿಥಿಯಂ ಐರನ್ ಫಾಸ್ಫೇಟ್. ಅಂಗಡಿಯಲ್ಲಿ ಇದಕ್ಕೆ ಎಲ್‌ಎಫ್‌ಪಿ ಅನ್ನುತ್ತಾರೆ.

ಬ್ಯಾಟರಿಯ ಮೇಲೆ ಆಂಪ್-ಅವರ್ ಬರೆದಿರುತ್ತದೆ, ಅದನ್ನು ವೋಲ್ಟಿನಿಂದ ಗುಣಿಸಿದರೆ ವಾಟ್-ಅವರ್. 150 ಆಂಪ್-ಅವರ್ ಟ್ಯೂಬುಲರ್ ಬ್ಯಾಟರಿ ಕಾಗದದ ಮೇಲೆ 1800 ವಾಟ್-ಅವರ್. ಅರ್ಧಕ್ಕಿಂತ ಕೆಳಗೆ ಮತ್ತೆ ಮತ್ತೆ ಇಳಿಸಿದರೆ ಅದರ ಆಯುಸ್ಸು ಕಡಿಮೆಯಾಗುತ್ತದೆ. ಉಳಿದ ಅರ್ಧ ಕೆಆರ್‌ಎಸ್‌ನ ಡೆಡ್ ಸ್ಟೋರೇಜ್ ಇದ್ದ ಹಾಗೆ. ಕಣ್ಣಿಗೆ ಕಾಣುತ್ತದೆ, ನಾಲೆಗೆ ಬಿಡುವಂತಿಲ್ಲ. ತೂಕವೋ 50 ಕಿಲೋ ದಾಟುತ್ತದೆ. ಚಾರ್ಜ್ ಆಗುವಾಗ ಅದು ಬಿಡುವ ಹೈಡ್ರೋಜನ್ ಗಾಳಿ ಹೊತ್ತಿಕೊಳ್ಳುವಂಥದ್ದು. ಮಲಗುವ ಹಾಸಿಗೆಯ ಕೆಳಗೆ ಅದನ್ನು ಇಡಲೇಬಾರದು.

100 ಆಂಪ್-ಅವರ್ ಎಲ್‌ಎಫ್‌ಪಿ 12.8 ವೋಲ್ಟಿನದು, ಅಂದರೆ 1280 ವಾಟ್-ಅವರ್. ಅದರಲ್ಲಿ ನೂರಕ್ಕೆ 80ರಷ್ಟನ್ನು ನಿಶ್ಚಿಂತೆಯಿಂದ ಬಳಸಬಹುದು. ತೂಕ 12 ಕಿಲೋ ಆಸುಪಾಸು. ಬೆಲೆ ಜಾಸ್ತಿ, ನಿಜ. ಆದರೆ ಎಳೆದುಕೊಂಡು ಹೋಗುವ ಮನೆಗೆ ನಾನು ಇದನ್ನೇ ಹೇಳುತ್ತೇನೆ. ಮೇಲಿನ ಲೆಕ್ಕಕ್ಕೆ 200 ಆಂಪ್-ಅವರ್ ಹಾಕಿಸಿದರೆ ಬಿಸಿಲೇ ಬರದ ಒಂದೂವರೆ ದಿನ ಧಾರಾಳವಾಗಿ ದಾಟುತ್ತೀರಿ.

ಕೊಳ್ಳುವಾಗ ಬಿಎಂಎಸ್ ಬಗ್ಗೆ ಕೇಳಿ. ಬ್ಯಾಟರಿಯೊಳಗೆ ಕೂತು, ಜಾಸ್ತಿ ತುಂಬಿದರೆ ಅಥವಾ ಜಾಸ್ತಿ ಖಾಲಿಯಾದರೆ ಸಂಪರ್ಕ ಕತ್ತರಿಸುವ ಕಾವಲುಗಾರ ಅದು. ಅದು ಒಂದೇ ಸಲಕ್ಕೆ ಎಷ್ಟು ಆಂಪ್ ಬಿಡುತ್ತದೆ ಅನ್ನುವುದು ಮುಖ್ಯ. 50 ಆಂಪ್ ಮಾತ್ರ ಬಿಡುವ ಬ್ಯಾಟರಿಗೆ 1000 ವಾಟಿನ ಇನ್ವರ್ಟರ್ ಸಿಕ್ಕಿಸಿದರೆ ಪೂರ್ತಿ ಲೋಡ್ ಬಿದ್ದಾಗ ಎಲ್ಲವೂ ಆಫ್ ಆಗುತ್ತದೆ.

ಇನ್ನೊಂದು ಎಚ್ಚರಿಕೆ. ಎಲ್‌ಎಫ್‌ಪಿಯ ವೋಲ್ಟ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲು ಆಗುವುದಿಲ್ಲ. ಮುಕ್ಕಾಲು ಇದ್ದರೂ ಅರ್ಧ ಇದ್ದರೂ ಹೆಚ್ಚುಕಡಿಮೆ ಒಂದೇ ವೋಲ್ಟ್ ತೋರಿಸುತ್ತದೆ. ಅದಕ್ಕೇ ಶಂಟ್ ಇರುವ ಬ್ಯಾಟರಿ ಮಾನಿಟರ್ ಹಾಕಿಸಿ. ಶಂಟ್ ಅಂದರೆ ಬ್ಯಾಟರಿಯ ನೆಗೆಟಿವ್ ದಾರಿಯಲ್ಲಿ ಕೂತು ಒಳಗೆ ಹೋದ, ಹೊರಗೆ ಬಂದ ಪ್ರತಿ ಆಂಪನ್ನೂ ಎಣಿಸುವ ತುಂಡು. ಬೇರೆ ಯಾವ ಸಾಮಾನಿನಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬೇಡಿ.

ಹಿಮಾಚಲ, ಲಡಾಖ್ ಕನಸಿದ್ದರೆ ನೆನಪಿಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಎಲ್‌ಎಫ್‌ಪಿಯನ್ನು ಚಾರ್ಜ್ ಮಾಡಿದರೆ ಅದು ಒಳಗೇ ಹಾಳಾಗುತ್ತದೆ.

ಹಂತ 4: ಒಳಹರಿವು ಮೂರು ಕಡೆಯಿಂದ

ಸೋಲಾರ್. ಮೈಸೂರು ಇರುವುದು 12 ಡಿಗ್ರಿ ಅಕ್ಷಾಂಶದ ಹತ್ತಿರ. ಸೂರ್ಯ ತಲೆಯ ಮೇಲೇ ಇರುತ್ತಾನೆ. ಹಾಗಾಗಿ ಚಾವಣಿಯ ಮೇಲೆ ಮಟ್ಟಸವಾಗಿ ಹಾಸಿದರೂ ಅಷ್ಟು ನಷ್ಟವಿಲ್ಲ. ತೆರೆದ ಜಾಗದಲ್ಲಿ ದಿನಕ್ಕೆ 4 ಗಂಟೆ ಪೂರ್ತಿ ಬಿಸಿಲು ಅಂತ ಹಿಡಿಯಿರಿ. 300 ವಾಟ್ ಪ್ಯಾನಲ್ ಆದರೆ 1200 ಬರಬೇಕು. ಆದರೆ ಪ್ಯಾನಲ್ ಬಿಸಿಯಾದಷ್ಟೂ ಕಡಿಮೆ ಕೊಡುತ್ತದೆ, ಧೂಳೂ ಕೂರುತ್ತದೆ. 400 ವಾಟ್ ಹಾಕಿಸಿಬಿಡಿ. ಚಾವಣಿಗೆ ಅಂಟಿಸಬೇಡಿ, ಕೆಳಗೆ ಗಾಳಿ ಆಡಲು ಎರಡು ಬೆರಳಷ್ಟು ಜಾಗ ಬಿಡಿ. ನಮ್ಮವರು ಸಾಮಾನ್ಯವಾಗಿ ಮಾಡುವ ತಪ್ಪು, ಒಳ್ಳೆಯ ಮರದ ನೆರಳು ನೋಡಿ ಗಾಡಿ ನಿಲ್ಲಿಸುವುದು. ಪ್ಯಾನಲ್‌ನ ಒಂದು ಮೂಲೆಗೆ ಕೊಂಬೆಯ ನೆರಳು ಬಿದ್ದರೂ ಸಾಕು, ಬರುವ ಕರೆಂಟು ಕುಸಿಯುತ್ತದೆ.

ಪ್ಯಾನಲ್ ಮತ್ತು ಬ್ಯಾಟರಿ ನಡುವೆ ಚಾರ್ಜ್ ಕಂಟ್ರೋಲರ್ ಬೇಕು. ಎಂಪಿಪಿಟಿ ಬಗೆಯದನ್ನೇ ಕೊಳ್ಳಿ. ಪ್ಯಾನಲ್‌ನ ಹೆಚ್ಚಿನ ವೋಲ್ಟನ್ನು ವ್ಯರ್ಥ ಮಾಡದೆ ಆಂಪ್ ಆಗಿ ಬದಲಾಯಿಸುತ್ತದೆ. ಜೋಡಿಸುವಾಗ ಮೊದಲು ಬ್ಯಾಟರಿ ವೈರ್, ಆಮೇಲೆ ಪ್ಯಾನಲ್ ವೈರ್. ಬಿಚ್ಚುವಾಗ ಮೊದಲು ಪ್ಯಾನಲ್. ಈ ಕ್ರಮ ತಪ್ಪಿದರೆ ಕಂಟ್ರೋಲರ್ ಸುಟ್ಟುಹೋಗಬಹುದು. ಒಂದು ಚೀಟಿಯಲ್ಲಿ ಬರೆದು ಅದರ ಪಕ್ಕದಲ್ಲೇ ಅಂಟಿಸಿ.

ಕಾರು. ಓಡುತ್ತಿರುವಾಗ ಕಾರಿನ ಆಲ್ಟರ್ನೇಟರ್‌ನಿಂದ, ಅಂದರೆ ಇಂಜಿನ್ ಜೊತೆ ತಿರುಗಿ ಕರೆಂಟು ಕೊಡುವ ಯಂತ್ರದಿಂದ, ಟ್ರೇಲರ್ ಬ್ಯಾಟರಿ ತುಂಬಿಸಬಹುದು. ನೇರವಾಗಿ ವೈರ್ ಎಳೆಯಬೇಡಿ. ಎಲ್‌ಎಫ್‌ಪಿ ಒಂದೇ ಸಮ ಎಳೆದು ಆಲ್ಟರ್ನೇಟರ್ ವಿಪರೀತ ಬಿಸಿಯಾಗುತ್ತದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ, ಅದು ಹರಿವನ್ನು ಹದವಾಗಿ ಇಡುತ್ತದೆ. 30 ಆಂಪಿನದು ಗಂಟೆಗೆ 390 ವಾಟ್-ಅವರ್ ಕೊಡುತ್ತದೆ. ಮೈಸೂರಿಂದ ಬೆಂಗಳೂರು ಮುಟ್ಟುವಷ್ಟರಲ್ಲಿ ಒಂದು ದಿನದ ಖರ್ಚಿನ ದೊಡ್ಡ ಪಾಲು ತುಂಬಿರುತ್ತದೆ. ಹಿಂದಿನ ದೀಪಗಳಿಗೆ ಅಂತ ಇರುವ ತೆಳು ವೈರ್‌ನಲ್ಲಿ ಇದನ್ನು ತರಬೇಡಿ. ಬೇರೆಯೇ ದಪ್ಪ ವೈರ್, ಎರಡೂ ತುದಿಗೆ ಫ್ಯೂಸ್.

ಮನೆಯ ಪ್ಲಗ್. ಎಲ್‌ಎಫ್‌ಪಿಗೆ ಅಂತಲೇ ಇರುವ 14.6 ವೋಲ್ಟಿನ ಚಾರ್ಜರ್ ಬಳಸಿ. ಹಳೇ ಯುಪಿಎಸ್ ಚಾರ್ಜರ್ ಮನೆಯಲ್ಲಿ ಸುಮ್ನೆ ಬಿದ್ದಿದೆ ಅಂತ ಅದನ್ನೇ ಹಾಕಬೇಡಿ.

ಹಂತ 5: ವೈರ್, ಫ್ಯೂಸ್, ಲಗ್

ಟ್ರೇಲರ್‌ನಲ್ಲಿ ಬೆಂಕಿ ಹತ್ತುವುದು ಇಲ್ಲಿಂದಲೇ. ದಯವಿಟ್ಟು ಈ ಭಾಗವನ್ನು ಎರಡು ಸಲ ಓದಿ.

ಮನೆಯಲ್ಲಿ 230 ವೋಲ್ಟ್ ಇರುವುದರಿಂದ 1000 ವಾಟ್‌ಗೆ ನಾಲ್ಕೂವರೆ ಆಂಪ್ ಸಾಕು. 12 ವೋಲ್ಟಿನಲ್ಲಿ ಅದೇ 1000 ವಾಟ್‌ಗೆ, ಸೋರಿಕೆಯೂ ಸೇರಿ, 90ರಿಂದ 100 ಆಂಪ್ ಹರಿಯಬೇಕು. ಎತ್ತರ ಕಡಿಮೆ ಆದ್ದರಿಂದ ಹರಿವು ಜಾಸ್ತಿ. ಹರಿವು ಜಾಸ್ತಿ ಅಂದ ಮೇಲೆ ನಾಲೆಯೂ ಅಗಲ ಇರಬೇಕು ಅಲ್ವಾ? ಮನೆ ವೈರಿಂಗ್ ಮಾಡುವವರು 12 ವೋಲ್ಟ್ ತಾನೇ ಅಂತ ತೆಳು ವೈರ್ ಎಳೆದುಬಿಡುತ್ತಾರೆ. ಅಪಾಯ ಅದೇ.

ಫ್ರಿಜ್‌ನ ಉದಾಹರಣೆ ನೋಡಿ. ಬ್ಯಾಟರಿಯಿಂದ 5 ಮೀಟರ್ ದೂರ, ಹೋಗಿ ಬರಲು 10 ಮೀಟರ್ ವೈರ್, ಹರಿವು 5 ಆಂಪ್. 1 ಚದರ ಮಿಮೀ ತಾಮ್ರದ ವೈರ್ ಹಾಕಿದರೆ ದಾರಿಯಲ್ಲೇ ಸುಮಾರು 0.9 ವೋಲ್ಟ್ ಕಳೆದುಹೋಗುತ್ತದೆ. ಕಂಪ್ರೆಸರ್ ಶುರುವಾಗುವ ಗಳಿಗೆಯಲ್ಲಿ ಇನ್ನೂ ಜಾಸ್ತಿ ಎಳೆಯುವುದರಿಂದ ವೋಲ್ಟ್ ಮತ್ತಷ್ಟು ಬಿದ್ದು ಫ್ರಿಜ್ ತಾನೇ ಆಫ್ ಆಗುತ್ತದೆ. ನೀವು ಫ್ರಿಜ್ ಕೆಟ್ಟಿದೆ ಅಂದುಕೊಳ್ಳುತ್ತೀರಿ. 4 ಚದರ ಮಿಮೀ ಹಾಕಿದರೆ ನಷ್ಟ 0.2 ವೋಲ್ಟ್ ಆಸುಪಾಸು ಅಷ್ಟೇ. ಇನ್ವರ್ಟರ್‌ಗೆ 35 ಚದರ ಮಿಮೀ ಕೇಬಲ್ ಬೇಕು, ಅದೂ ಒಂದೂವರೆ ಮೀಟರ್ ಒಳಗೆ.

ಪ್ರತಿ ಪಾಸಿಟಿವ್ ವೈರ್‌ಗೂ ಬ್ಯಾಟರಿಯ ಹತ್ತಿರವೇ ಫ್ಯೂಸ್ ಇರಬೇಕು. ಫ್ಯೂಸ್ ಕಾಪಾಡುವುದು ವೈರನ್ನು. ಅದಕ್ಕೇ ವೈರ್ ತಡೆಯುವ ಆಂಪ್‌ಗಿಂತ ಕಡಿಮೆ ಫ್ಯೂಸ್ ಹಾಕಬೇಕು. ಪದೇ ಪದೇ ಫ್ಯೂಸ್ ಹೋಗುತ್ತಿದೆ ಅಂತ ದೊಡ್ಡ ಫ್ಯೂಸ್ ಹಾಕಿದರೆ ಆಮೇಲೆ ಸುಡುವುದು ವೈರ್.

ಇನ್ನು ಲಗ್, ಅಂದರೆ ದಪ್ಪ ವೈರ್‌ನ ತುದಿಗೆ ಹಾಕುವ ತಾಮ್ರದ ಕಿವಿ. ಸುತ್ತಿಗೆಯಲ್ಲಿ ಬಡಿದು ಕೂರಿಸುವುದು, ಕಟಿಂಗ್ ಪ್ಲೇಯರ್‌ನಲ್ಲಿ ಹಿಸುಕುವುದು ಬೇಡ. ನಾನು ಮೊದಲು ಹಾಕಿದ ಲಗ್ ನೋಡಲು ಗಟ್ಟಿಯಾಗೇ ಇತ್ತು. ಮಿಕ್ಸಿ ಹಾಕಿ ಎರಡು ನಿಮಿಷಕ್ಕೆ ಅದರ ಮೇಲಿನ ಪ್ಲಾಸ್ಟಿಕ್ ತೋಳು ಮೆತ್ತಗಾಗಿ ವಾಸನೆ ಬಂತು. ವೈರ್ ಅಳತೆಗೆ ಸರಿಯಾದ ಲಗ್, ಹೈಡ್ರಾಲಿಕ್ ಕ್ರಿಂಪಿಂಗ್ ಟೂಲ್. ಒತ್ತಿದ ಮೇಲೆ ವೈರನ್ನು ಕಾಲಲ್ಲಿ ಮೆಟ್ಟಿ ಲಗ್ ಹಿಡಿದು ಜೋರಾಗಿ ಎಳೆಯಿರಿ. ಕದಲಬಾರದು. ಈ ಉಪಕರಣ ಕೊಳ್ಳುವ ಬದಲು ಕೇಬಲ್ ಅಳತೆ ಕೊಟ್ಟು ಒಳ್ಳೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಒತ್ತಿಸಿಕೊಳ್ಳಬಹುದು.

ಎಲ್ಲ ಜೋಡಿಸಿದ ಮೇಲೆ ಪರೀಕ್ಷೆಗೆ ಮಿಕ್ಸಿಗಿಂತ ಒಳ್ಳೆಯ ಸಾಧನವಿಲ್ಲ. ಒಬ್ಬರು ಚಟ್ನಿಗೆ ಹಾಕಲಿ, ಇನ್ನೊಬ್ಬರು ಮಾನಿಟರ್ ನೋಡಲಿ. 3 ಆಂಪ್ ಇದ್ದದ್ದು ಒಮ್ಮೆಗೇ 45ರ ಹತ್ತಿರ ಹಾರುತ್ತದೆ. ಅದೇ ಹೊತ್ತಿಗೆ ಮಲ್ಟಿಮೀಟರ್ ಹಿಡಿದು ಇನ್ವರ್ಟರ್‌ನಲ್ಲಿ ವೈರ್ ಸೇರುವ ಕಾಲುಗಳಲ್ಲಿ ವೋಲ್ಟ್ ನೋಡಿ, ಬ್ಯಾಟರಿಯ ಕಾಲುಗಳಲ್ಲೂ ನೋಡಿ. ಎರಡಕ್ಕೂ 0.1, 0.2 ವ್ಯತ್ಯಾಸ ಇದ್ದರೆ ಸರಿ. ಅರ್ಧ ವೋಲ್ಟ್ ಇದ್ದರೆ ಎಲ್ಲೋ ಲಗ್ ಅಥವಾ ನಟ್ ಸಡಿಲ ಇದೆ. ಮಿಕ್ಸಿ ನಿಲ್ಲಿಸಿ, ಆಫ್ ಮಾಡಿ, ಒಂದೊಂದೇ ಜೋಡಣೆಯ ಹತ್ತಿರ ಕೈ ಹಿಡಿಯಿರಿ. ಬಿಸಿ ಇರುವುದೇ ಕಳ್ಳ.

ಹಂತ 6: ಇನ್ವರ್ಟರ್ ಮತ್ತು 230 ವೋಲ್ಟ್

ಪ್ಯೂರ್ ಸೈನ್ ವೇವ್, ಅಂದರೆ ಮನೆಯ ಕರೆಂಟಿನಂಥದ್ದೇ ಅಲೆ ಕೊಡುವ ಇನ್ವರ್ಟರ್ ಕೊಳ್ಳಿ. ಅಗ್ಗದವುಗಳಲ್ಲಿ ಮಿಕ್ಸಿ, ಫ್ಯಾನ್ ಗೊರಗುಟ್ಟುತ್ತವೆ, ಬಿಸಿಯಾಗುತ್ತವೆ. ನಮ್ಮ ಪಟ್ಟಿಗೆ 1000 ವಾಟ್ ಸಾಕು. ಸುಮ್ನೆ ಆನ್ ಇದ್ದರೂ ಅದು 10ರಿಂದ 20 ವಾಟ್ ತಿನ್ನುತ್ತದೆ, ಇಡೀ ದಿನಕ್ಕೆ ಒಂದು ಫ್ಯಾನಿನ ಖರ್ಚು. ಕೆಲಸ ಮುಗಿದ ಕೂಡಲೇ ಆಫ್ ಮಾಡಿ. ದೀಪ, ಫ್ಯಾನ್, ಫ್ರಿಜ್, ಮೊಬೈಲ್ ಎಲ್ಲ ನೇರ 12 ವೋಲ್ಟಿನಲ್ಲೇ ಓಡಲಿ.

ಹೊರಗಿನ ಪ್ಲಗ್ ಕರೆಂಟು, ಇನ್ವರ್ಟರ್ ಕರೆಂಟು ಎರಡೂ ಒಂದೇ ಸಾಲಿಗೆ ಯಾವತ್ತೂ ಸೇರಬಾರದು. ನಡುವೆ ಚೇಂಜ್‌ಓವರ್ ಸ್ವಿಚ್ ಬೇಕೇ ಬೇಕು. ಜೊತೆಗೆ 30 ಮಿಲಿಆಂಪಿನ ಆರ್‌ಸಿಸಿಬಿ. ಮೈಗೆ ಕರೆಂಟು ತಗುಲಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಕತ್ತರಿಸುವ ಸ್ವಿಚ್ ಇದು. ಈ ಹಂತವನ್ನು ಮಾತ್ರ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ. ಪಕ್ಕದಲ್ಲಿ ನಿಂತು ನೋಡಿ ಕಲಿಯಿರಿ.

ಲಾಡ್ಜ್, ತೋಟದ ಮನೆಗಳಲ್ಲಿ ಪ್ಲಗ್ ಕೊಟ್ಟರೆ ಸಿಕ್ಕಿಸುವ ಮೊದಲು ಮೂರು ಪಿನ್ನಿನ ಟೆಸ್ಟರ್ ಹಾಕಿ ಅರ್ತ್ ನೋಡಿ. ಅರ್ತ್ ಇಲ್ಲದಿದ್ದರೆ ಟ್ರೇಲರ್‌ನ ತಗಡಿಗೇ ಕರೆಂಟು ಬರಬಹುದು. ಎಕ್ಸ್‌ಟೆನ್ಷನ್ ವೈರ್ ಸುರುಳಿಯನ್ನು ಪೂರ್ತಿ ಬಿಚ್ಚಿ ಹಾಕಿ. ಸುತ್ತಿದ ಹಾಗೇ ಬಿಟ್ಟರೆ ಒಳಗೇ ಕಾದು ಕರಗುತ್ತದೆ.

ಹಂತ 7: ಗ್ಯಾಸ್ ಮತ್ತು ನೀರು

5 ಕಿಲೋ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೆರೆದ ಕಿಂಡಿ ಇರಬೇಕು. ಗ್ಯಾಸ್ ಅಲಾರಂ ಸಹ ನೆಲದ ಹತ್ತಿರವೇ ಇರಬೇಕು, ಸೂರಿನಲ್ಲಲ್ಲ.

ಊಟಿಯಲ್ಲೋ ಮಡಿಕೇರಿಯಲ್ಲೋ ಚಳಿ ಅಂತ ಒಳಗೆ ಅಗ್ಗಿಷ್ಟಿಕೆ ಇಡುವುದು, ಗ್ಯಾಸ್ ಒಲೆ ಹಚ್ಚಿಟ್ಟು ಮಲಗುವುದು ಮಾಡಲೇಬೇಡಿ. ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿದರೆ ವಾಸನೆಯೂ ಬರುವುದಿಲ್ಲ, ಎಚ್ಚರವೂ ಆಗುವುದಿಲ್ಲ. ಅದಕ್ಕೆ ಬೇರೆಯೇ ಅಲಾರಂ ಸಿಗುತ್ತದೆ, ತಪ್ಪದೆ ಹಾಕಿಸಿ. ಇನ್ನೊಂದು ಕಂಬಳಿ ಒಯ್ಯಿರಿ.

ನೀರು 1 ಲೀಟರ್‌ಗೆ 1 ಕಿಲೋ. 60 ಲೀಟರ್ ಟ್ಯಾಂಕು ಅಂದರೆ 60 ಕಿಲೋ. ಅರ್ಧ ತುಂಬಿದ ಟ್ಯಾಂಕು ತಿರುವಿನಲ್ಲಿ ತುಳುಕಿ ಗಾಡಿಯನ್ನು ಎಳೆದಾಡುತ್ತದೆ. ಘಾಟಿಗೆ ಮುಂಚೆ ಪೂರ್ತಿ ತುಂಬಿ ಅಥವಾ ಖಾಲಿ ಮಾಡಿ.

ಹಂತ 8: ಮೂಕಿ ಭಾರ

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಹಿಂಭಾರ ಆದರೆ ಮೂಕಿ, ಅಂದರೆ ನೊಗ ಕಟ್ಟುವ ಮುಂದಿನ ಮರ, ಮೇಲೆದ್ದು ಎತ್ತಿನ ಕೊರಳಿಗೆ ಬರುತ್ತದೆ. ಟ್ರೇಲರ್‌ಗೂ ಅದೇ ನಿಯಮ. ಒಟ್ಟು ತೂಕದ ಹತ್ತನೇ ಒಂದು ಪಾಲಿನಷ್ಟು ಕಾರಿನ ಕೊಕ್ಕೆಯ ಮೇಲೆ ಕೂರಬೇಕು, ಕಾರಿನ ಕೈಪಿಡಿ ಹೇಳುವ ಮಿತಿಯೊಳಗೇ. ಅದು ತೀರಾ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಹಾವಿನಂತೆ ಹೊಯ್ದಾಡುತ್ತದೆ. ಬ್ಯಾಟರಿ, ನೀರಿನ ಟ್ಯಾಂಕು ಚಕ್ರದ ಅಚ್ಚಿನ ಮೇಲೆ, ನೆಲಮಟ್ಟದಲ್ಲಿ ಇರಲಿ. ಎಲ್ಲ ತುಂಬಿದ ಮೇಲೆ ಒಂದು ವೇ ಬ್ರಿಡ್ಜ್‌ನಲ್ಲಿ ತೂಕ ಹಾಕಿಸಿ. ಮಂಡ್ಯ ಕಡೆ ಕಬ್ಬು, ಭತ್ತ ತೂಗುವ ಜಾಗ ಬೇಕಾದಷ್ಟಿವೆ.

ರಿವರ್ಸ್ ಕಲಿಯಲು ಖಾಲಿ ಮೈದಾನ ಹುಡುಕಿ. ಸ್ಟಿಯರಿಂಗ್‌ನ ಕೆಳಭಾಗ ಹಿಡಿಯಿರಿ. ನಿಮ್ಮ ಕೈ ಯಾವ ಕಡೆ ಹೋಗುತ್ತದೋ ಟ್ರೇಲರ್‌ನ ಹಿಂಭಾಗ ಆ ಕಡೆ ಹೋಗುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರು ಪರಿಚಯ ಇದ್ದರೆ ಅವರನ್ನು ಒಂದು ಬೆಳಿಗ್ಗೆ ಕರೆದುಕೊಂಡು ಹೋಗಿ, ಬೇಗ ಕಲಿಸುತ್ತಾರೆ. ಗಂಡ ಹೆಂಡತಿ ಇಬ್ಬರೂ ಕಲಿಯಬೇಕು. ಓಡುವಾಗ ಟ್ರೇಲರ್ ಒಳಗೆ ಯಾರೂ ಕೂರಬಾರದು.

ಹಂತ 9: ಅಂಗಳದಿಂದ ಶುರು

ಮೊದಲ ಮೂರು ರಾತ್ರಿ ನಿಮ್ಮ ಮನೆಯ ಅಂಗಳದಲ್ಲೇ ಮಲಗಿ. ಮನೆಯಿಂದ ಕರೆಂಟು, ನೀರು ತರಬಾರದು. ಬೆಳಿಗ್ಗೆ 6ಕ್ಕೆ, ಸಂಜೆ 6ಕ್ಕೆ ಮಾನಿಟರ್ ನೋಡಿ ಒಳಹರಿವು, ಹೊರಹರಿವು, ಸಂಗ್ರಹ ಬರೆಯಿರಿ, ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ಬರೆದ ಹಾಗೆಯೇ. ಹಂತ 2ರಲ್ಲಿ ಬರೆದ ಲೆಕ್ಕಕ್ಕೂ ಇದಕ್ಕೂ ಎಲ್ಲಿ ವ್ಯತ್ಯಾಸ ಬಂತು ಅಂತ ಹುಡುಕಿ.

ಆಮೇಲೆ ಶ್ರೀರಂಗಪಟ್ಟಣದ ಕಡೆ ಒಂದು ರಾತ್ರಿ. ಏನಾದರೂ ಮರೆತಿದ್ದರೆ ಮನೆ ಹತ್ತಿರವೇ ಇರುತ್ತದೆ. ಮೂರನೆಯದು ಮೇಲುಕೋಟೆ. ಏರು, ಇಳಿತ, ತಿರುವು ಎಲ್ಲ ಸಿಗುತ್ತವೆ, ಬ್ರೇಕ್ ಪರೀಕ್ಷೆ ಆಗುತ್ತದೆ. ಊಟಿ ಕೊನೆಗಿರಲಿ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್ ಇರುತ್ತದೆ, ಟ್ರೇಲರ್ ಎಳೆದುಕೊಂಡು ನಿಧಾನವಾಗಿ ಹೋಗುವವರು ಹೊತ್ತಿಗೆ ಮುಂಚೆಯೇ ಹೊರಡಬೇಕು. ಮಸಿನಗುಡಿಯಿಂದ ಕಲ್ಲಟ್ಟಿ ಮೇಲೆ ಹೋಗುವ 36 ಹೇರ್‌ಪಿನ್ ದಾರಿಗೆ ಟ್ರೇಲರ್ ತರಬೇಡಿ.

ಎರಡು ವರ್ಷ ಕೈಯಲ್ಲಿದ್ದರೆ ಎಲ್ಲ ಕಾಲವನ್ನೂ ನೋಡಬಹುದು. ಫ್ರಿಜ್‌ನ ನಿಜವಾದ ಖರ್ಚು ಗೊತ್ತಾಗುವುದು ಏಪ್ರಿಲ್‌ನಲ್ಲಿ. ಸೋಲಾರ್‌ನ ನಿಜವಾದ ಶಕ್ತಿ ಗೊತ್ತಾಗುವುದು ಮೋಡ ಕವಿದ ಜುಲೈನಲ್ಲಿ. ಜುಲೈನಲ್ಲಿ ಮೂರು ದಿನ ತಡೆಯಿತು ಅಂದರೆ ವರ್ಷಪೂರ್ತಿ ತಡೆಯುತ್ತದೆ. ತಡೆಯಲಿಲ್ಲ ಅಂದರೆ ಆಗ ಇನ್ನೊಂದು ಬ್ಯಾಟರಿ ಕೊಳ್ಳಿ, ಮುಂಚೆ ಅಲ್ಲ.

ಪ್ರತಿ ಪ್ರಯಾಣದಿಂದ ಬಂದ ದಿನವೇ ಲಗ್‌ಗಳ ನಟ್ ಬಿಗಿ ನೋಡಿ, ರಸ್ತೆಯ ಕುಲುಕಾಟಕ್ಕೆ ಅವು ಸಡಿಲ ಆಗುತ್ತವೆ. ಗ್ಯಾಸ್ ರೆಗ್ಯುಲೇಟರ್ ಬಿಚ್ಚಿಡಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಎಲ್‌ಎಫ್‌ಪಿಯನ್ನು ಪೂರ್ತಿ ತುಂಬಿಸದೆ, ಪೂರ್ತಿ ಖಾಲಿಯೂ ಮಾಡದೆ, ಅರ್ಧಕ್ಕೆ ಬಿಟ್ಟು ಮುಖ್ಯ ಸ್ವಿಚ್ ಆಫ್ ಮಾಡಿ.